ತಿರಸ್ಕಾರದ ಮೆಟ್ಟಿಲುಗಳು

ಕಂಟೆಂಪ್ಟ್, ಸ್ಕಾರ್ನ್, ಡಿಸ್‌ಡೇನ್: ಇಂಗ್ಲಿಷಿನ ಈ ಮೂರು ಪದಗಳೂ ತಿರಸ್ಕಾರವನ್ನೇ ಹೇಳುತ್ತವೆ; ಆದರೂ ಒಂದು ಸಲ್ಲುವಲ್ಲಿ ಇನ್ನೊಂದು ಸಲ್ಲದು. ಡಿಸ್‌ಡೇನ್‌ನಲ್ಲಿ ‘ಇದು ನನ್ನ ಅಂತಸ್ತಿಗೆ ತಕ್ಕುದಲ್ಲ’ ಎಂಬ ಬಿಗುಮಾನವಿದೆ. ಸ್ಕಾರ್ನ್‌ನಲ್ಲಿ ಎದುರಿಗೇ ಮೂದಲಿಸುವ ಕಟಕಿ. ಕಂಟೆಂಪ್ಟ್ ಎಂದರೆ ಎದುರಿನದು ಕವಡೆಗೂ ಬಾಳದು ಎಂಬ ತೀರ್ಮಾನ. ಈ ಅಂತರಕ್ಕೆ ಪದಗಳ ಬೇರೇ ಕಾರಣ ಎನ್ನುವುದು ರೂಢಿಯ ಉತ್ತರ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯಲ್ಲಿ ಫ್ರೆಂಚ್ ನೆಲೆಯೂರಿತು. ಸ್ಕಾರ್ನ್, ಡಿಸ್‌ಡೇನ್‌ಗಳು ಹಳೆಯ ಫ್ರೆಂಚಿನಿಂದ ಬಂದವು, ಕಂಟೆಂಪ್ಟ್ ಲ್ಯಾಟಿನಿನಿಂದ. ಡಿಸ್‌ಡೇನ್‌ನ ಬೇರಿನಲ್ಲಿ ‘ಯೋಗ್ಯ’ ಎಂಬ ಅರ್ಥ ಇರುವುದೂ ನಿಜ. ಆದರೆ ಛಾಯೆಗಳನ್ನು ಉಳಿಸುವುದೂ ಅಳಿಸುವುದೂ ಬೇರಲ್ಲ, ಮೇಲು-ಕೀಳಿನ ಸಾಮಾಜಿಕ ಏರ್ಪಾಡು.

ಕಾಂಡಿಸೆನ್ಶನ್ ಎಂಬ ಪದ ಇದಕ್ಕೆ ಸಾಕ್ಷಿ. ಅದರ ಬೇರು ‘ಕೆಳಗಿಳಿದು ಬರುವುದು’. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಅದನ್ನು ದೊಡ್ಡವರು ತಾವಾಗಿ ತೋರುವ ವಿನಯವೆಂದೇ ವಿವರಿಸಿದ. 1813ರಲ್ಲಿ ಬಂದ ಜೇನ್ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಪಾದ್ರಿ ಕಾಲಿನ್ಸ್, ತನ್ನ ಆಶ್ರಯದಾತೆ ಲೇಡಿ ಕ್ಯಾಥರೀನಳನ್ನು ಇದೇ ಪದದಿಂದ ಹೊಗಳುತ್ತಾನೆ. ಅವನಿಗೆ ಅದು ಹೊಗಳಿಕೆ. ಓದುಗರಿಗೆ ಆಗಲೇ ನಗೆ. ಕೆಳಗಿಳಿದು ಬಂದವರು ಮೇಲಿದ್ದರೆಂದೇ ಅರ್ಥವಲ್ಲವೇ? ಸಮಾನತೆಯ ನಿರೀಕ್ಷೆ ಬಲಿತಂತೆ ಅದೇ ಔದಾರ್ಯ ಅವಮಾನವಾಯಿತು. ಇಂದು ಆ ಪದ ತಿರಸ್ಕಾರದ ಸಾಲಿನಲ್ಲಿ ನಿಂತಿದೆ. ಬೇರು ಬದಲಾಗಲಿಲ್ಲ, ಕೇಳುವವರು ಬದಲಾದರು.

ಈ ಛಾಯೆಗಳೆಲ್ಲ ಪಂಡಿತರ ಕಲ್ಪನೆ ಎಂದು ಯಾರಾದರೂ ಆಕ್ಷೇಪಿಸಬಹುದು. ಪದಕೋಶಕಾರರಲ್ಲೇ ಒಮ್ಮತವಿಲ್ಲ: ಜಾನ್ಸನ್ ಮೊದಲ ಮೂರು ಪದಗಳಲ್ಲಿ ಒಂದನ್ನು ಇನ್ನೊಂದರಿಂದ ವಿವರಿಸಿದ್ದಾನೆ. 1816ರಲ್ಲಿ ಜಾರ್ಜ್ ಕ್ರ್ಯಾಬ್ ಸಮಾನಾರ್ಥಕಗಳನ್ನು ಬಿಡಿಸಿ ತೋರಿಸಿದ. 1852ರಲ್ಲಿ ರೋಜೆ ವ್ಯತ್ಯಾಸ ವಿವರಿಸದೆ ಅವನ್ನು ಗುಂಪುಗೂಡಿಸಿದ. ಆದರೆ ನಿಘಂಟು ಬದಿಗಿಟ್ಟರೂ ವ್ಯತ್ಯಾಸ ಅಳಿಯದು. ‘ಕಂಟೆಂಪ್ಟ್ ಆಫ್ ಕೋರ್ಟ್’ ಎನ್ನುವಲ್ಲಿ ಸ್ಕಾರ್ನ್ ಕೂರುವುದಿಲ್ಲ. ಭಾರತದ 1971ರ ಕಾಯ್ದೆಯೂ ನ್ಯಾಯಾಲಯದ ಘನತೆಗೆ ಕುಂದು ತರುವುದನ್ನಷ್ಟೇ ಅಲ್ಲ, ಅದರ ಆದೇಶವನ್ನು ಬೇಕೆಂದೇ ಮೀರುವುದನ್ನೂ ಕಂಟೆಂಪ್ಟ್ ಎನ್ನುತ್ತದೆ. ನಾವು ‘ನ್ಯಾಯಾಂಗ ನಿಂದನೆ’ ಎನ್ನುವ ಈ ತಪ್ಪಿಗೆ ಒಂದು ಬೈಗುಳವೂ ಬೇಕಿಲ್ಲ. ಇಲ್ಲಿ ತೂಗುವುದು ಮನಸ್ಸಿನ ಕಹಿಯನ್ನಲ್ಲ, ಅಧಿಕಾರದ ಸ್ಥಾನವನ್ನು. ಆದ್ದರಿಂದ ಸಮಾನಾರ್ಥಕಗಳ ಪಟ್ಟಿ ತೆರೆದವರು ಪದದ ಅರ್ಥ ಕೇಳಿದರೆ ಸಾಲದು. ಯಾರು, ಯಾವ ಮೆಟ್ಟಿಲಲ್ಲಿ ನಿಂತು, ಯಾರಿಗೆ ಹೇಳಿದರು ಎಂದೂ ಕೇಳಬೇಕು.