ಸೀಮೆ: ಎಲ್ಲೆಕಲ್ಲಿನಿಂದ ಕ್ಯೂ ತೋಟಕ್ಕೆ

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಗೊಬ್ಬರ, ಸೀಮೆಹುಣಸೆ, ಸೀಮೆಬದನೆ. ಈ ಮಾತುಗಳಲ್ಲೆಲ್ಲ ‘ಸೀಮೆ’ ಎಂದರೆ ಕಡಲಾಚೆಯ ನಾಡು, ಬಹುಮಟ್ಟಿಗೆ ಬಿಳಿಯರ ನಾಡು. ಲಂಡನ್ನಿನಲ್ಲಿ ಮನೆ ಮಾಡಿರುವ ಕನ್ನಡಿಗರು ಇದೇ ಸೀಮೆಬದನೆಯನ್ನು ಟೂಟಿಂಗ್‌ನ ದಕ್ಷಿಣ ಭಾರತದ ಅಂಗಡಿಗಳಲ್ಲಿ, ಬ್ರಿಕ್ಸ್‌ಟನ್ ಸಂತೆಯಲ್ಲಿ ಹುಡುಕಿ ಕೊಳ್ಳುತ್ತಾರೆ. ಅಲ್ಲಿ ಅದು ಹೊರಗಿನಿಂದ ಬಂದ ತರಕಾರಿ, ಇಂಗ್ಲೆಂಡಿನ ಹೊಲದ್ದಲ್ಲ. ಹಾಗಾದರೆ ಅದರ ಹೆಸರಿನಲ್ಲಿರುವುದು ಯಾವ ಸೀಮೆ?

ಪದದ ಬೇರು ಸಂಸ್ಕೃತದ ‘ಸೀಮಾ’. ಗೆರೆ, ಗಡಿ ಎಂಬುದು ಅದರ ಮೂಲಾರ್ಥ. ಬೈತಲೆಯ ಗೆರೆಗೂ ಇದೇ ಮಾತು. ಬಸುರಿಗೆ ಮಾಡುವ ಸೀಮಂತದ ಹೆಸರಿನಲ್ಲಿ ಅದು ಉಳಿದಿದೆ. ಹೊಲಕ್ಕೂ ಹೊಲಕ್ಕೂ, ಊರಿಗೂ ಊರಿಗೂ ನಡುವಿನ ಎಲ್ಲೆಯೂ ಸೀಮೆಯೇ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಡಿವ್ಯಾಜ್ಯಕ್ಕೆಂದೇ ಒಂದು ಭಾಗವಿದೆ. ಗಡಿಯಲ್ಲಿ ಆಲ, ಅರಳಿ, ಮುತ್ತುಗ ನೆಡಬೇಕು. ಅಷ್ಟೇ ಸಾಲದು, ಕಣ್ಣಿಗೆ ಕಾಣದ ಗುರುತುಗಳೂ ಬೇಕೆಂದು ಕಲ್ಲು, ಮೂಳೆ, ಹೊಟ್ಟು, ಬೂದಿ, ಬೋಕಿ, ಇದ್ದಿಲುಗಳನ್ನು ನೆಲದೊಳಗೆ ಹೂಳಬೇಕು. ಕನ್ನಡಕ್ಕೆ ‘ಎಲ್ಲೆ’ ಎಂಬ ತನ್ನದೇ ಮಾತಿದ್ದರೂ ದಾನಶಾಸನಗಳು ಬಿಟ್ಟ ಭೂಮಿಯ ನಾಲ್ಕು ದಿಕ್ಕಿನ ಗಡಿಯನ್ನು ‘ಚತುಸ್ಸೀಮೆ’ ಎಂದೇ ಹೇಳುತ್ತವೆ. ಆ ಗಡಿಗಳಲ್ಲಿ ನೆಟ್ಟ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳು ನಮ್ಮ ಎಷ್ಟೋ ಹೊಲಗಳ ಬದುವಿನಲ್ಲಿ ಇನ್ನೂ ನಿಂತಿವೆ.

ಗಡಿಯ ಹೆಸರು ಗಡಿಯೊಳಗಿನ ನೆಲಕ್ಕೂ ಅಂಟಿಕೊಂಡಿತು. ವಿಜಯನಗರದ ಕಾಲಕ್ಕೆ ಸೀಮೆ ಎಂಬುದು ಆಡಳಿತದ ಒಂದು ವಿಭಾಗ. ಬಯಲುಸೀಮೆ, ಮೈಸೂರು ಸೀಮೆ, ರಾಯಲಸೀಮೆ ಎನ್ನುವಾಗ ಆ ಅರ್ಥ ಈಗಲೂ ನಡೆಯುತ್ತಿದೆ. ‘ಸೀಮೆಗಿಲ್ಲದ ದೊಡ್ಡಸ್ತಿಕೆ’ ಎಂದು ಬೈಯುವಾಗಲೂ ಸೀಮೆಯೆಂದರೆ ನಮ್ಮ ಸುತ್ತಲ ನಾಡೇ. ಅಂಥ ಮನೆಮಾತು ಪರದೇಶವನ್ನು ಸೂಚಿಸತೊಡಗಿದ್ದು ಕನ್ನಡದ ಒಂಟಿ ಕತೆಯಲ್ಲ. ತಮಿಳಿನ ‘ಸೀಮೈ’, ತೆಲುಗಿನ ‘ಸೀಮ’ ಕೂಡ ಇದೇ ಹಾದಿ ಹಿಡಿದವು. ಅರಬ್ಬಿಯಿಂದ ಬಂದ ‘ವಿಲಾಯತ್’ ಪದದ ಕತೆಯಂತೂ ಇನ್ನೂ ಹತ್ತಿರದ್ದು. ಅದಕ್ಕೂ ಮೊದಲು ಪ್ರಾಂತ ಎಂಬ ಅರ್ಥವಿತ್ತು. ಆಮೇಲೆ ಅದು ಇಂಗ್ಲೆಂಡಿನ ಹೆಸರಾಯಿತು, ಸಿಪಾಯಿಗಳ ಬಾಯಲ್ಲಿ ‘ಬ್ಲೈಟಿ’ಯಾಗಿ ಇಂಗ್ಲಿಷಿಗೇ ಹೋಯಿತು. ನಾವು ಸೀಮೆಹುಣಸೆ ಎನ್ನುವ ಮರವನ್ನು ಹಿಂದಿಯವರು ವಿಲಾಯತಿ ಇಮ್ಲಿ ಎನ್ನುತ್ತಾರೆ.

ಆ ಮರದ ತವರು ವಿಲಾಯತ್ ಅಲ್ಲ, ಮೆಕ್ಸಿಕೊ. ಸೀಮೆಬದನೆಯದೂ ಅಷ್ಟೇ. ಅಜ್ಟೆಕರ ನವಾತ್ಲ್ ನುಡಿಯಲ್ಲಿ ಅದು ‘ಚಯೋತ್ಲಿ’. ಸ್ಪ್ಯಾನಿಷ್‌ನ ‘ಚಯೋಟೆ’ ಅದರಿಂದ ಬಂದದ್ದು. ನಮ್ಮ ಮಾತು ಮಾತ್ರ ಬೆಳೆಸಿದವರನ್ನು ಬಿಟ್ಟು, ನಡುವೆ ನಿಂತು ದಾಟಿಸಿದವರ ದಿಕ್ಕನ್ನು ನೆನಪಿಟ್ಟುಕೊಂಡಿತು.

ದಾಟಿಸಿದವರ ದೊಡ್ಡ ಠಾಣೆ ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ದಂಡೆಯ ಮೇಲಿರುವ ಕ್ಯೂ ತೋಟ. ಅದು ಸಸ್ಯತೋಟವಾಗಿ ಶುರುವಾದದ್ದು 1759ರಲ್ಲಿ. ಮರುವರ್ಷ ಹೈದರಾಲಿ ಲಾಲ್‌ಬಾಗಿಗೆ ಕೈಹಾಕಿದ. ನೂರು ವರ್ಷ ಕಳೆಯುವಷ್ಟರಲ್ಲಿ ಎರಡಕ್ಕೂ ನಂಟು ಬೆಳೆಯಿತು. ಕ್ಯೂನಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ, ಜಾನ್ ಕ್ಯಾಮರಾನ್ 1874ರಲ್ಲಿ, ಜರ್ಮನಿಯಲ್ಲಿ ಹುಟ್ಟಿದ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಸೀಮೆಬದನೆಯನ್ನು ಬೆಂಗಳೂರಿಗೆ ತಂದು ಬೇರೂರಿಸಿದವರು ಕ್ಯಾಮರಾನ್. ಅದು ಇಲ್ಲಿಂದ ಎಷ್ಟು ಹಬ್ಬಿತೆಂದರೆ ತಮಿಳರಿಗೆ ಅದು ‘ಬೆಂಗಳೂರು ಕತ್ತರಿಕಾಯಿ’, ತೆಲುಗರಿಗೆ ‘ಬೆಂಗಳೂರು ವಂಕಾಯ’. ನಾವು ಪರಸೀಮೆಯದೆಂದು ಕರೆದ ಕಾಯಿಯನ್ನು ನೆರೆಯವರು ನಮ್ಮ ಸೀಮೆಯದೆಂದು ಕರೆದರು.

ಈ ಕಾಯಿಯನ್ನು ಸೀಳಿ ನೋಡಬೇಕು. ಒಳಗೆ ಒಂದೇ ಒಂದು ಚಪ್ಪಟೆ ಬೀಜ. ಅದನ್ನು ಬಿಡಿಸಿ, ಒಣಗಿಸಿ, ಲಕೋಟೆಯಲ್ಲಿಟ್ಟು ಕಳಿಸಲಾಗದು. ಬೀಜ ಕಾಯಿಯೊಳಗೇ ಮೊಳೆತು ತುದಿಯನ್ನು ಸೀಳಿಕೊಂಡು ಹೊರಬರುತ್ತದೆ. ನೆಡುವುದೂ ಇಡೀ ಕಾಯಿಯನ್ನೇ. ಇಂಥ ಜೀವಂತ ಸರಕನ್ನು ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿಸಲು ದಾರಿ ತೋರಿದ್ದು ಲಂಡನ್ ಬಂದರುಕಟ್ಟೆಯ ಬಳಿ ವೈದ್ಯನಾಗಿದ್ದ ನಥಾನಿಯೆಲ್ ವಾರ್ಡ್. ಪತಂಗದ ಗೂಡಿಟ್ಟು ಮುಚ್ಚಿದ್ದ ಬಾಟಲಿಯೊಳಗೆ ಜರೀಗಿಡ ತಾನಾಗಿ ಹುಟ್ಟಿ ಬದುಕಿದ್ದನ್ನು ಅವನು ಕಂಡ. ಗಾಜಿನ ಪೆಟ್ಟಿಗೆ ಮಾಡಿಸಿದ. 1833ರಲ್ಲಿ ಅದರೊಳಗಿನ ಗಿಡಗಳು ಸಿಡ್ನಿಗೆ ಜೀವಸಹಿತ ತಲುಪಿದವು. ಉಪ್ಪುಗಾಳಿ ತಾಗದೆ, ತನ್ನ ಆವಿಯನ್ನೇ ತಾನು ಕುಡಿದು ಬದುಕುವ ಆ ಗಿಡಪೆಟ್ಟಿಗೆಯಿಂದ ಚಹಾ, ಸಿಂಕೋನಾ, ರಬ್ಬರ್ ಕಡಲು ದಾಟಿದವು. ಆಗ ಕೊಡುವ ನಾಡಿನ ಒಪ್ಪಿಗೆ ಕೇಳಿದವರು ಕಡಿಮೆ. ಇದನ್ನು ಸಹಕಾರ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಸಹಕಾರ ಎನ್ನಬಹುದಾದದ್ದು ನಡೆದದ್ದು ಕೀಟಗಳ ವಿಷಯದಲ್ಲಿ. 1910ರ ಹೊತ್ತಿಗೆ ಲಂಡನ್ನಿನಲ್ಲಿ ಹುಟ್ಟಿದ ಕೀಟಸಂಶೋಧನಾ ಸಮಿತಿಯೊಂದು ಬೆಳೆಯುತ್ತ ಕಾಮನ್‌ವೆಲ್ತ್ ದೇಶಗಳ ಸಂಸ್ಥೆಯಾಯಿತು. ಪೀಡೆಗಳನ್ನು ಅವುಗಳ ಸಹಜ ಶತ್ರುಗಳಿಂದಲೇ ಹತ್ತಿಕ್ಕುವ ಜೈವಿಕ ನಿಯಂತ್ರಣಕ್ಕೆಂದು 1957ರಲ್ಲಿ ಅದರ ಭಾರತ ಕೇಂದ್ರ ಬೆಂಗಳೂರಿನಲ್ಲಿ ತೆರೆಯಿತು. ಆ ವಿದ್ಯೆ ಈ ಮಣ್ಣಿನಲ್ಲಿ ಬೇರುಬಿಟ್ಟು ರಾಷ್ಟ್ರೀಯ ಯೋಜನೆಯಾಯಿತು, ಬೆಂಗಳೂರಿನದೇ ಸಂಸ್ಥೆಗಳಾಯಿತು. ಪಾರ್ಥೇನಿಯಂ ಕಳೆ ಹೊಲ ನುಂಗತೊಡಗಿದಾಗ ಬೆಂಗಳೂರಿನ ವಿಜ್ಞಾನಿಗಳು ಅದರ ತವರಾದ ಮೆಕ್ಸಿಕೊದಿಂದ ಒಂದು ದುಂಬಿಯನ್ನು ತರಿಸಿ, ಬೀಗದೊಳಗಿಟ್ಟು, ಬೆಳೆಗಳನ್ನು ಮುಂದಿಟ್ಟು ಪರೀಕ್ಷಿಸಿ 1984ರಲ್ಲಿ ಹೊರಗೆ ಬಿಟ್ಟರು. ಸೂರ್ಯಕಾಂತಿಯನ್ನೂ ತಿನ್ನುತ್ತಿದೆ ಎಂದು ದೂರು ಬಂದಾಗ ಸರ್ಕಾರ ಸಮಿತಿ ಮಾಡಿ ತನಿಖೆ ನಡೆಸಿತು. ಪಪ್ಪಾಯದ ಹಿಟ್ಟುತಿಗಣೆ ಹಿಪ್ಪುನೇರಳೆ ತೋಟಗಳಿಗೂ ಹತ್ತಿದಾಗ 2010ರಲ್ಲಿ ಪೋರ್ಟೊ ರಿಕೊದಿಂದ ಬಂದ ಪುಟ್ಟ ಕಣಜಗಳು ರೇಷ್ಮೆ ಬೆಳೆಗಾರರ ಕೈಹಿಡಿದವು. ಇವುಗಳಿಗೆ ಯಾರೂ ಸೀಮೆದುಂಬಿ, ಸೀಮೆಕಣಜ ಎಂದು ಹೆಸರಿಡಲಿಲ್ಲ. ಪಾರ್ಥೇನಿಯಂಗೂ ಕಾಂಗ್ರೆಸ್ ಕಳೆ ಎಂದೇ ಹೆಸರು ಬಿತ್ತು. ಹೊಸತನ್ನು ಹೆಸರಿಸುವ ಕೆಲಸದಿಂದ ‘ಸೀಮೆ’ ಮೆಲ್ಲಗೆ ನಿವೃತ್ತವಾಗುತ್ತಿತ್ತು.

ಅದೇ ಹೊತ್ತಿಗೆ ಅದರ ಹಳೆಯ ಅರ್ಥ ಕಾನೂನಿನ ಪುಟಗಳಲ್ಲಿ ಚಿಗುರಿತು. 1992ರ ಜೀವವೈವಿಧ್ಯ ಒಪ್ಪಂದ ಪ್ರತಿ ದೇಶಕ್ಕೂ ತನ್ನ ಸಸ್ಯಸಂಪತ್ತಿನ ಮೇಲೆ ಹಕ್ಕಿದೆ ಎಂದಿತು. ಭಾರತ 2002ರಲ್ಲಿ ಅದಕ್ಕೆ ಕಾಯ್ದೆ ಮಾಡಿತು. ಕ್ಯೂ ತೋಟದವರೂ ಈಗ ಬೇರೆ ದೇಶದ ಗಿಡಕ್ಕೆ ಕೈಹಾಕುವ ಮೊದಲು ಆ ದೇಶದೊಡನೆ ಕರಾರು ಮಾಡಿಕೊಳ್ಳಬೇಕು. ಈ ಎಲ್ಲೆಕಲ್ಲುಗಳನ್ನು ನೆಟ್ಟದ್ದು ನೂರೈವತ್ತು ವರ್ಷ ತಡವಾಗಿ; ಆದರೂ ನೆಟ್ಟದ್ದು ನ್ಯಾಯ. ಊರಿನಿಂದ ಮರಳುವ ಲಂಡನ್ ಕನ್ನಡಿಗರು ಹಿತ್ತಿಲಲ್ಲಿ ಬಿತ್ತಲೆಂದು ಪೆಟ್ಟಿಗೆಯಲ್ಲಿ ಒಂದು ಹಿಡಿ ಅವರೆಬೀಜ ಒಯ್ದರೂ, ಹೀಥ್ರೋ ದಾಟಲು ಅದಕ್ಕೆ ಭಾರತದ ಸಸ್ಯಸಂರಕ್ಷಣಾ ಅಧಿಕಾರಿ ಕೊಟ್ಟ ಆರೋಗ್ಯ ಪ್ರಮಾಣಪತ್ರ ಇರಬೇಕು.