ವೈರಸ್ ಅಲ್ಲ, ಅದು ಹುಳು

ಕಂಪ್ಯೂಟರಿಗೆ ಏನೇ ಆಗಲಿ, ‘ವೈರಸ್ ಹೊಕ್ಕಿದೆ’ ಎಂದು ಬರೆದುಬಿಡುತ್ತೇವೆ, ನಾವು ಸುದ್ದಿಯವರು. ವೈರಸ್ ಬೇರೆ, ವರ್ಮ್ ಎನ್ನುವ ಹುಳು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡ ಇಮೇಲ್ ಫಿಲ್ಟರ್‌ಗಳು ಹಿಂದೊಮ್ಮೆ ಏನೂ ಅರಿಯದವರ ತಲೆ ಮೇಲೆ ಗೂಬೆ ಕೂರಿಸಿದ್ದವು.

ವೈರಸ್ಸು ಮಾವಿನ ಮರದ ಬಂದಳಿಕೆ ಇದ್ದಂತೆ. ಇನ್ನೊಂದು ಫೈಲಿಗೆ ಅಂಟಿಕೊಂಡೇ ಬದುಕಬೇಕು. ಹುಳುವಿಗೆ ಆ ಹಂಗಿಲ್ಲ. ಮೆಕ್ಕೆಜೋಳದ ಸೈನಿಕ ಹುಳುವಿನ ಹಾಗೆ ತಾನೇ ಹೊಲದಿಂದ ಹೊಲಕ್ಕೆ ಹೋಗುತ್ತದೆ.

1999ರ ಮಾರ್ಚ್ 26ರಂದು ಹಬ್ಬಿದ ಮೆಲಿಸ್ಸಾ ವರ್ಡ್ ಫೈಲಿನೊಳಗೆ ಮ್ಯಾಕ್ರೋ ಆಗಿ ಕೂತಿತ್ತು. ಫೈಲ್ ತೆರೆದವರ ವಿಳಾಸ ಪಟ್ಟಿಯ ಮೊದಲ 50 ವಿಳಾಸಗಳಿಗೆ ತಾನೇ ಮೇಲ್ ಕಳಿಸುತ್ತಿತ್ತು. ಅಂದರೆ ಅದು ಹುಳುವಿನ ಕಾಲು ಮೂಡಿದ ವೈರಸ್. ಆದರೂ ಮ್ಯಾಕ್ರೋ ಕಿತ್ತರೆ ಫೈಲ್ ಉಳಿಯುತ್ತಿತ್ತು. ಹಾಗಾಗಿ ಫಿಲ್ಟರ್‌ಗಳ ರೂಢಿ ಸರಳವಾಗಿತ್ತು: ಶುದ್ಧ ಮಾಡಿ ತಲುಪಿಸು, ಕಳಿಸಿದವರಿಗೆ ಎಚ್ಚರಿಕೆ ಕೊಡು.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ‘ಐ ಲವ್ ಯು’ ಬಂತು. ಪ್ರೇಮಪತ್ರವೆಂದು ಹೆಸರು ಹೊತ್ತ ಆ ಅಟ್ಯಾಚ್‌ಮೆಂಟೇ ಹುಳು. ಅದನ್ನು ಕಿತ್ತರೆ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಆದರೆ ಅದು ಹೊರಡುತ್ತಿದ್ದುದು ಹುಳು ಬಿದ್ದ ಕಂಪ್ಯೂಟರಿನ ಮಾಲೀಕರ ಹೆಸರಲ್ಲೇ. ಅವರನ್ನು ಎಚ್ಚರಿಸಿದರೆ ಉಪಯೋಗವಿತ್ತು.

2001ರಲ್ಲಿ ಕಾಣಿಸಿಕೊಂಡ ಕ್ಲೆಜ್ ಆ ಲೆಕ್ಕವನ್ನೂ ತಪ್ಪಿಸಿತು. ಹೊಕ್ಕ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ವಿಳಾಸವನ್ನು ಹೆಕ್ಕಿ ‘ಇಂದ’ ಎಂಬ ಜಾಗದಲ್ಲಿ ಹಾಕುತ್ತಿತ್ತು. 2003ರ ಸೋಬಿಗ್, 2004ರ ಮೈಡೂಮ್ ಕೂಡ ಅದೇ ಹಾದಿ ಹಿಡಿದವು. ಫಿಲ್ಟರ್‌ಗಳು ಮಾತ್ರ ಹಳೇ ರೂಢಿ ಬಿಡಲಿಲ್ಲ. ಹುಳುವನ್ನು ಹಿಡಿದು, ‘ನೀವು ವೈರಸ್ ಕಳಿಸಿದ್ದೀರಿ’ ಎಂದು ಆ ವಿಳಾಸಕ್ಕೆ ನೋಟಿಸ್ ಕಳಿಸಿದವು. ಯಾರದೋ ಎತ್ತು ಹೊಲ ಮೇಯ್ದರೆ ಇನ್ಯಾರಿಗೋ ದಂಡ! ಹುಳುವಿನ ಮೇಲ್ ಸಾಲದೆಂಬಂತೆ ಈ ನೋಟಿಸುಗಳೂ ಜನರ ಇನ್‌ಬಾಕ್ಸ್ ತುಂಬಿದವು. ನಿಜವಾಗಿ ಹುಳು ಬಿದ್ದವರಿಗೆ ಮಾತ್ರ ಸುದ್ದಿಯೇ ಮುಟ್ಟಲಿಲ್ಲ.

ಕೊನೆಗೆ ಫಿಲ್ಟರ್ ಬರೆಯುವವರು ಎರಡನ್ನೂ ಬೇರೆ ಮಾಡಿದರು. ಮೇಲ್‌ಸ್ಕ್ಯಾನರ್ ಎಂಬ ತಂತ್ರಾಂಶದಲ್ಲಿ ‘ಸೈಲೆಂಟ್ ವೈರಸಸ್’ ಎಂಬ ಪಟ್ಟಿ ಸೇರಿತು. ಅದರಲ್ಲಿರುವ ಹುಳು ಸಿಕ್ಕರೆ, ಕಳಿಸಿದಂತೆ ಕಾಣುವವರಿಗೆ ನೋಟಿಸ್ ಹೋಗುವುದಿಲ್ಲ. ಅಂಟಿದ ವೈರಸ್ಸಾದರೆ ಫೈಲನ್ನು ಉಳಿಸಲು ನೋಡು. ಹುಳುವಾದರೆ ಸದ್ದಿಲ್ಲದೆ ಎಸೆ.

ಇದರಲ್ಲಿ ನಮಗೂ ಪಾಠವಿದೆ. ‘ಇಂಥವರ ಮೇಲ್‌ನಿಂದ ವೈರಸ್ ಹರಡಿದೆ’ ಎಂದು ಯಾರಾದರೂ ಹೇಳಿದರೆ, ಹೆಸರು ಅಚ್ಚು ಹಾಕುವ ಮೊದಲು ಬಂದದ್ದು ಏನು, ನಿಜವಾಗಿ ಹೊರಟಿದ್ದು ಯಾವ ಕಂಪ್ಯೂಟರಿನಿಂದ ಎಂದು ಕೇಳೋಣ. ಲಕೋಟೆಯ ಮೇಲಿರುವ ಹೆಸರು ಸಾಕ್ಷಿಯಲ್ಲ.