ಹೆಪ್ಪಿನಷ್ಟು ಹಣ

ನಮ್ಮ ಚಿಕ್ಕಮ್ಮನ ಮನೆಗೆ ಎಮ್ಮೆ ಬಂದದ್ದು ೧೯೮೪ರಲ್ಲಿ. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಚಿಕ್ಕಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಕೂಲಿ ಮಾಡಿ ಮೂರು ಮಕ್ಕಳನ್ನು ಸಾಕುತ್ತಿದ್ದ ಆಕೆಗೆ ಐ.ಆರ್.ಡಿ.ಪಿ.ಯಲ್ಲಿ ಎಮ್ಮೆ ಮಂಜೂರಾಯಿತೆಂದಾಗ ಓಣಿಯವರೆಲ್ಲ ಬಂದು ನೋಡಿದರು. ಎಮ್ಮೆಯ ಕೊರಳಿಗೆ ಹೂವಿನ ಮಾಲೆ ಹಾಕಿ, ಹಣೆಗೆ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡದ್ದು ನನಗಿನ್ನೂ ನೆನಪಿದೆ.

ಐ.ಆರ್.ಡಿ.ಪಿ. ಎಂದರೆ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ. ೧೯೮೦ರ ಅಕ್ಟೋಬರ್ ೨ರಿಂದ ದೇಶದ ಎಲ್ಲ ಬ್ಲಾಕ್‌ಗಳಿಗೂ ಅದು ವಿಸ್ತರಿಸಿತು. ಬಡ ಮನೆತನಕ್ಕೆ ಬ್ಯಾಂಕಿನಿಂದ ಸಾಲ, ಸರಕಾರದಿಂದ ಸಹಾಯಧನ. ಕೂಲಿಕಾರರಿಗೆ ಮೂರರಲ್ಲೊಂದು ಪಾಲು ಸಬ್ಸಿಡಿ. ಉದ್ದೇಶವೇನೋ ಒಳ್ಳೆಯದೇ. ಆದರೆ ಎಮ್ಮೆಗೆ ಮೇವೆಲ್ಲಿಂದ, ಹಾಲು ಕೊಳ್ಳುವವರು ಯಾರು, ಬತ್ತಿದರೆ ಮುಂದೇನು ಎಂದು ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ. ಮರುವರ್ಷ ಮೇವಿಲ್ಲದೆ ಎಮ್ಮೆ ಬತ್ತಿತು. ಬ್ಯಾಂಕಿನಿಂದ ನೋಟೀಸಿನ ಮೇಲೆ ನೋಟೀಸು. ಕಡೆಗೆ ಎಮ್ಮೆಯನ್ನೂ ಮಾರಿ, ತವರಿನವರು ಕೊಟ್ಟಿದ್ದ ಪಾಟ್ಲಿಯನ್ನೂ ಮಾರಿ ಆಕೆ ಸಾಲ ತೀರಿಸಿದಳು. "ಸರಕಾರದ ರೊಕ್ಕ ಅಂದ್ರ ಹಾವಿನ ಹೆಡಿ ಸವರಿದಂಗ" ಎನ್ನುತ್ತಿದ್ದಳು.

ಹೆಂಗಸರಿಗೆಂದೇ ೧೯೮೨ರಲ್ಲಿ ಡ್ವಾಕ್ರಾ ಎಂಬ ಯೋಜನೆ ೫೦ ಜಿಲ್ಲೆಗಳಲ್ಲಿ ಆರಂಭವಾಗಿತ್ತು. ಒಬ್ಬೊಬ್ಬರಿಗೆ ಕೊಡುವ ಬದಲು ಗುಂಪಿಗೆ ೧೫,೦೦೦ ರೂಪಾಯಿ: ಕೇಂದ್ರದ್ದು ಐದು ಸಾವಿರ, ರಾಜ್ಯದ್ದು ಐದು, ಯುನಿಸೆಫ್‌ನದು ಐದು. ಗುಂಪು ಎಂಬ ವಿಚಾರ ಬಂತು. ಆದರೆ ಅನೇಕ ಕಡೆ ಹಣಕ್ಕಾಗಿ ಕೂಡಿದ ಗುಂಪು ಹಣ ಮುಗಿದೊಡನೆ ಚದುರಿತು.

ದಾರಿ ತೋರಿದ್ದು ನಮ್ಮ ಕರ್ನಾಟಕದ ಹಳ್ಳಿಯವರೇ ಎಂಬುದು ನಮಗೆ ಹೆಮ್ಮೆಯ ಮಾತು. ೧೯೮೪-೮೫ರ ಹೊತ್ತಿಗೆ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಊರುಗಳಲ್ಲಿ ದೊಡ್ಡ ಸಹಕಾರಿ ಸಂಘಗಳು ಕುಸಿದವು. ಪರಸ್ಪರ ನಂಬಿಕೆಯಿದ್ದ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ ಉಳಿತಾಯ ಮಾಡತೊಡಗಿದರು. ೧೯೮೭ರಲ್ಲಿ ನಬಾರ್ಡ್ ಆ ಪ್ರಯೋಗಕ್ಕೆ ೧೦ ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ೧೯೯೨ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ದೇಶದಲ್ಲಿ ಆರಂಭವಾಯಿತು. ಅಡವಿಲ್ಲ, ಜಾಮೀನಿಲ್ಲ, ಗುಂಪಿನ ನಡತೆಯೇ ಜಾಮೀನು. ೧೯೯೯ರ ಏಪ್ರಿಲ್‌ನಲ್ಲಿ ಐ.ಆರ್.ಡಿ.ಪಿ., ಡ್ವಾಕ್ರಾಗಳನ್ನು ಸ್ವರ್ಣಜಯಂತಿ ಸ್ವರೋಜಗಾರ್ ಯೋಜನೆಯಲ್ಲಿ ಸೇರಿಸಿದರು. ನಮ್ಮ ರಾಜ್ಯದಲ್ಲಿ ೨೦೦೦-೦೧ರಲ್ಲಿ ಸ್ತ್ರೀಶಕ್ತಿ ಬಂತು.

ನಾನಾಗ ಗದಗ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಅಂಗನವಾಡಿಯವರು ಹದಿನೇಳು ಹೆಂಗಸರ ಸಂಘ ಕಟ್ಟಿಸಿದರು. ವಾರಕ್ಕೆ ತಲಾ ಹತ್ತು ರೂಪಾಯಿ. ಲೆಕ್ಕ ಬರೆಯಲು ಬರುವವರಿಲ್ಲದೆ ನನ್ನ ಮನೆಗೇ ಬಂದರು. ಚಿಕ್ಕಮ್ಮನ ಪಾಟ್ಲಿ ಕಣ್ಣಮುಂದೆ ಬಂದು ನಾನು ಹಿಂಜರಿದೆ. ಆದರೂ ಬಿಡಲಿಲ್ಲ.

ಎಂಟು ತಿಂಗಳಾದ ಮೇಲೆ ೫,೦೦೦ ರೂಪಾಯಿ ಸುತ್ತುನಿಧಿ ಬಂತು. ಅಂದಿನ ಸಭೆಯಲ್ಲಿ ಗದ್ದಲವೋ ಗದ್ದಲ.

"ಅಕ್ಕೋರ, ಹಂಚಿಕೊಂಡು ಬಿಡೂಣೇನ್ರಿ?" ಎಂದರು ಕೆಲವರು.

ಮೂಲೆಯಲ್ಲಿ ಕೂತಿದ್ದ ಹಿರಿಯಾಕೆ ಕೇಳಿದಳು, "ಹಂಚಿದ್ರ ತಲಿಗೆ ಮುನ್ನೂರೂ ಬರಂಗಿಲ್ಲ. ನಾಳಿನ ಸಂತ್ಯಾಗ ಹೊಕ್ಕೈತಿ. ಹೆಪ್ಪು ಯಾರರೆ ಕುಡೀತಾರೇನ? ಹಾಲಿಗೆ ಹಾಕ್ತಾರ."

ಎಲ್ಲರೂ ಸುಮ್ಮನಾದರು. ಆ ಹೊತ್ತಿಗೆ ಅವರದೇ ಉಳಿತಾಯ ಆರು ಸಾವಿರದ ಹತ್ತಿರ ಬಂದಿತ್ತು. ಅದು ಹಾಲು. ಸರಕಾರ ಕೊಟ್ಟದ್ದು ಹೆಪ್ಪು. ಎರಡೂ ಕೂಡಿದವು.

ಮೊದಲ ಸಾಲ ರೊಟ್ಟಿ ಬಡಿಯುವಾಕೆಗೆ. ಸುಗ್ಗಿಯಲ್ಲಿ ಅಗ್ಗಕ್ಕೆ ಎರಡು ಚೀಲ ಬಿಳಿಜೋಳ ಕೊಂಡು, ಖಡಕ್ ರೊಟ್ಟಿ ಮಾಡಿ ಪೇಟೆಯ ಖಾನಾವಳಿಗಳಿಗೆ ಕೊಟ್ಟಳು. ವರ್ಷ ತುಂಬುವುದರೊಳಗೆ ಇನ್ನಿಬ್ಬರನ್ನು ಕೂಲಿಗೆ ಕರೆದುಕೊಂಡಳು. ಇನ್ನೊಬ್ಬಾಕೆ ಬಳೆ ವ್ಯಾಪಾರಕ್ಕೆ ತೆಗೆದುಕೊಂಡಳು. ಗಂಡ ಹಾಸಿಗೆ ಹಿಡಿದು ಬಂಡವಾಳವೆಲ್ಲ ಔಷಧಕ್ಕೆ ಹೋಯಿತು. ಸಂಘ ನೋಟೀಸು ಕೊಡಲಿಲ್ಲ. ಅವಳ ಮನೆಗೆ ಹೋಗಿ ಕೂತು ಮಾತಾಡಿ, ಸುಗ್ಗಿ ಕೂಲಿ ಬರುವವರೆಗೆ ಕಂತು ಮುಂದೂಡಿತು. ಅವಳು ಪೂರ್ತಿ ತೀರಿಸಿದಳು. ಆ ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆಯುವಾಗ ನನ್ನ ಕೈ ತುಸು ನಡುಗಿತು. ಚಿಕ್ಕಮ್ಮನಿಗೆ ಇಂಥ ಹದಿನಾರು ಜನ ಇದ್ದಿದ್ದರೆ!

ಎಲ್ಲ ಸಂಘಗಳೂ ಹೀಗೆ ನಡೆದವೆಂದು ಹೇಳಲಾರೆ. ಪುಸ್ತಕ ಒಬ್ಬರ ಕೈಯಲ್ಲೇ ಉಳಿದು ಮುರಿದುಬಿದ್ದವನ್ನೂ ನೋಡಿದ್ದೇನೆ. ಅದಕ್ಕೇ ನಮ್ಮ ಸಂಘದವರಿಗೆ ಶಾಲೆ ಬಿಟ್ಟ ಮೇಲೆ ಅಕ್ಷರ ಕಲಿಸಿದೆ. ಮೂರು ವರ್ಷಕ್ಕೆ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡರು. ಅಂದಿನ ಪುಟದಲ್ಲಿ ಹದಿನಾಲ್ಕು ರುಜು, ಮೂರು ಹೆಬ್ಬೆಟ್ಟು.

ಮುಂದೆ ೨೦೧೧ರಲ್ಲಿ ರಾಷ್ಟ್ರೀಯ ಜೀವನೋಪಾಯ ಮಿಷನ್ ಬಂತು; ನಮ್ಮಲ್ಲಿ ಅದಕ್ಕೆ ಸಂಜೀವಿನಿ ಎಂದು ಹೆಸರು. ಯೋಜನೆಗಳ ಹೆಸರು ಬದಲಾಗುತ್ತವೆ, ಮೊತ್ತ ಬೆಳೆಯುತ್ತದೆ. ಪೇಟೆಯಲ್ಲಿ ರೊಟ್ಟಿಯ ಪೊಟ್ಟಣ ಕೊಳ್ಳುವಾಗ ಅದರ ಮೇಲೆ ಸಂಘದ ಹೆಸರು ಕಂಡರೆ ನಾನು ಚೌಕಾಸಿ ಮಾಡುವುದಿಲ್ಲ.

ಚಿಕ್ಕಮ್ಮ ಈಗಿಲ್ಲ. ಆಕೆಯ ಟ್ರಂಕಿನಲ್ಲಿ ಎಮ್ಮೆ ಸಾಲದ ಕಾಗದ ಸಿಕ್ಕಿತು. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಮೇಲೆ ಏನು ಬರೆದಿತ್ತೆಂದು ಆಕೆಗೆ ಯಾರೂ ಓದಿ ಹೇಳಿರಲಿಲ್ಲ.